ಧ್ವನಿಯೂ ಮೂಲಪ್ರತಿಯೇ: ಹುತ್ರಿದುರ್ಗದ ಒಂದು ಅಕ್ಷರ ಮತ್ತು ಕ್ಯಾಸೆಟ್ಟುಗಳ ಪ್ರಶ್ನೆ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಹೆಸರಿನ ಮೊದಲ ಅಕ್ಷರ ಯಾವುದು? ಕಡತಗಳಲ್ಲಿ, ಭೂಪಟಗಳಲ್ಲಿ, ಕೆಂಪೇಗೌಡರ ಕೋಟೆಗಳನ್ನು ಕುರಿತ ಪುಸ್ತಕಗಳಲ್ಲಿ ಅದು ‘ಹು’. ಅದೇ ಬೆಟ್ಟಕ್ಕೆ ಉತ್ತರಿ ಬೆಟ್ಟವೆಂಬ ಹೆಸರೂ ಬಳಕೆಯಲ್ಲಿದೆ. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನೂ ಹಿಡಿಯಿತು. ಆ ಯುದ್ಧದ ವೃತ್ತಾಂತ ಬರೆದ ಇಂಗ್ಲಿಷರು ಇದನ್ನು ‘ಊಟ್ರಾಡ್ರೂಗ್’, ‘ಔಟ್ರಾಡ್ರೂಗ್’ ಎಂದು ನಾನಾ ಬಗೆಯಾಗಿ ವಿರೂಪಗೊಳಿಸಿದರು. ಆ ವಿರೂಪಗಳಲ್ಲಿ ಒಂದು ಸಂಗತಿ ಮಾತ್ರ ಸಮಾನವಾಗಿದೆ: ಅವುಗಳಲ್ಲಿ ಹಕಾರವಿಲ್ಲ. ಕನ್ನಡದ ಕಾಗುಣಿತ ತಿಳಿಯದ ಪರದೇಶಿ ಕಿವಿಗೆ ಬಿದ್ದದ್ದು ಸ್ವರಾದಿಯಾದ ಹೆಸರು.

ಭಾಷಾಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಎರಡು ದಾರಿಗಳು ಕಾಣುತ್ತವೆ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು. ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ಆ ಹಕಾರವೂ ಉದುರಿ ‘ಹಾಲು’ ‘ಆಲು’ ಆಯಿತು, ‘ಹಳ್ಳಿ’ ‘ಅಳ್ಳಿ’ಯಾಯಿತು. ಈ ದಾರಿಯಲ್ಲಿ ‘ಹುತ್ರಿ’ ಮೂಲ, ‘ಉತ್ರಿ’ ಅದರ ಆಡುರೂಪ. ಇನ್ನೊಂದು ದಾರಿಯಲ್ಲಿ ‘ಉತ್ತರಿ’ಯೇ ಮೂಲ, ಸ್ವರದಿಂದ ಮೊದಲಾಗುವ ಹಳ್ಳಿಯ ಪದಗಳಿಗೆಲ್ಲ ಕಳೆದುಹೋದ ಹಕಾರವೊಂದಿದ್ದಿರಬೇಕೆಂದು ಶಂಕಿಸುವ ವಿದ್ಯಾವಂತ ಲೇಖನಿ ಅದಕ್ಕೆ ಹಕಾರವನ್ನು ತೊಡಿಸಿತು. ಯಾವುದು ಸರಿ ಎಂದು ತೀರ್ಮಾನಿಸುವುದು ಈ ಬರಹದ ಉದ್ದೇಶವಲ್ಲ. ಲಿಪಿ ಒಂದು ರೂಪವನ್ನು ಆರಿಸಿಕೊಂಡ ಕ್ಷಣದಿಂದ ಮತ್ತೊಂದು ರೂಪ ಸಾಕ್ಷ್ಯದ ಕಟಕಟೆಯಿಂದ ಹೊರಬೀಳುತ್ತದೆ ಎಂಬುದನ್ನು ಮಾತ್ರ ಈ ಹೆಸರು ಚೆನ್ನಾಗಿ ತೋರಿಸುತ್ತದೆ. ಊರಿನ ಮುದುಕಿಯೊಬ್ಬಳು ತನ್ನ ಪದದಲ್ಲಿ ‘ಉತ್ರಿದುರ್ಗ’ ಎಂದು ಹಾಡಿದ್ದನ್ನು ಸಂಪಾದಕ ‘ಹುತ್ರಿದುರ್ಗ’ ಎಂದು ತಿದ್ದಿ ಅಚ್ಚು ಹಾಕಿಸಿದರೆ, ಆ ತಿದ್ದುಪಡಿಯನ್ನು ಪತ್ತೆಹಚ್ಚುವ ಸಾಧನ ಲೋಕದಲ್ಲಿ ಒಂದೇ: ಅವಳ ದನಿ ಇರುವ ಕ್ಯಾಸೆಟ್ಟು.

ಆ ಕ್ಯಾಸೆಟ್ಟನ್ನು ಕನ್ನಡ ವಿದ್ವತ್ತು ಏನು ಮಾಡಿದೆ? ಬಹುಮಟ್ಟಿಗೆ, ಕಟ್ಟಡ ಮುಗಿದ ಮೇಲೆ ಕಿತ್ತೆಸೆಯುವ ಸಾರವೆಯಂತೆ ಕಂಡಿದೆ.

ಹುತ್ರಿದುರ್ಗದ ಸುತ್ತಲಿನ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಕನ್ನಡ ಜಾನಪದ ಸಂಗ್ರಹದ ಇಬ್ಬರು ಹಿರಿಯರು, ಎಚ್.ಎಲ್. ನಾಗೇಗೌಡ ಮತ್ತು ಜೀ.ಶಂ. ಪರಮಶಿವಯ್ಯ, ಕುಣಿಗಲ್ಲಿಗೆ ತಾಗಿಕೊಂಡಿರುವ ನಾಗಮಂಗಲ ತಾಲ್ಲೂಕಿನವರು. ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಸುತ್ತಿದ ನಾಗೇಗೌಡರು ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೊಂದು ಪೀಠ ಸಿಗುವಂತೆ ದುಡಿದರು. ತುಮಕೂರು ಜಿಲ್ಲೆಯಲ್ಲಿ ಮೂಡಲಪಾಯ ಯಕ್ಷಗಾನವಿದೆ, ಕಾಡುಗೊಲ್ಲರ ಜುಂಜಪ್ಪನ ಕಾವ್ಯವಿದೆ, ಗಣೆಯ ಊದುವಿಕೆಯಿದೆ. ಕುಣಿಗಲ್ ಕೆರೆಯ ಪದವಂತೂ ನಾಡಿನ ವೇದಿಕೆಗಳನ್ನೆಲ್ಲ ಸುತ್ತಿ ಬಂದಿದೆ.

1963ರಲ್ಲಿ ಫಿಲಿಪ್ಸ್ ಕಂಪನಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಹೊರತಂದಿತು. ಅದು ಅಗ್ಗವಾಗಿ ಹಳ್ಳಿಪೇಟೆಯ ಅಂಗಡಿಗಳಿಗೂ ಬಂದ ಎರಡು ಮೂರು ದಶಕಗಳಲ್ಲಿ, ಹೆಗಲಿಗೆ ತೂಗುಹಾಕಬಹುದಾದ ಯಂತ್ರವೊಂದು ಮತ್ತು ನಾಲ್ಕು ಸೆಲ್ಲುಗಳು ಇದ್ದರೆ ಎಂ.ಎ. ವಿದ್ಯಾರ್ಥಿಯೂ ಕಾವ್ಯಸಂಗ್ರಾಹಕನಾಗಬಹುದಿತ್ತು. ಗದ್ದೆಯ ಬದುವಿನಲ್ಲಿ, ಹಟ್ಟಿಯ ಜಗುಲಿಯಲ್ಲಿ, ಜಾತ್ರೆಯ ಗದ್ದಲದ ನಡುವೆ ತುಂಬಿಸಿಕೊಂಡ ಆ ಸುರುಳಿಗಳೇ ಇಂದು ಅಚ್ಚಾಗಿರುವ ಎಷ್ಟೋ ಜನಪದ ಕಾವ್ಯಗಳ ಮೂಲ. ಹಾಡಿದವರಲ್ಲಿ ಬಹುಮಂದಿ ಈಗ ಇಲ್ಲ.

ಪಂಪನ ಒಂದು ಪದ್ಯದಲ್ಲಿ ಪಾಠಭೇದ ಕಂಡರೆ ಕನ್ನಡ ಪಂಡಿತ ನಿದ್ದೆಗೆಡುತ್ತಾನೆ. ಯಾವ ಓಲೆಯಲ್ಲಿ, ಯಾವ ಗರಿಯಲ್ಲಿ, ಯಾವ ಭಂಡಾರದ ಪ್ರತಿಯಲ್ಲಿ ಎಂದು ಅಡಿಟಿಪ್ಪಣಿ ಕೊಡದ ಸಂಪಾದನೆಯನ್ನು ಯಾರೂ ಸಂಪಾದನೆಯೆಂದು ಒಪ್ಪುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿಕೊಂಡ ತಲೆಮಾರುಗಳು ಇದನ್ನು ಧರ್ಮದಂತೆ ಪಾಲಿಸಿವೆ. ಅದೇ ಪಂಡಿತಪರಂಪರೆ ಸಾವಿರಾರು ಸಾಲುಗಳ ಜನಪದ ಮಹಾಕಾವ್ಯವೊಂದು ಅಚ್ಚಾಗಿ ಬಂದಾಗ ‘ಇದರ ಮೂಲಪ್ರತಿ ಎಲ್ಲಿದೆ?’ ಎಂದು ಕೇಳಲೇ ಇಲ್ಲ. ಮುನ್ನುಡಿಯಲ್ಲಿ ಹಾಡುಗಾರನ ಹೆಸರಿರುತ್ತದೆ, ಊರಿರುತ್ತದೆ, ಎಷ್ಟು ರಾತ್ರಿ ಹಾಡಿದನೆಂಬ ವಿವರವಿರುತ್ತದೆ. ಆ ಧ್ವನಿಮುದ್ರಿಕೆ ಇಂದು ಯಾವ ಕಪಾಟಿನ ಯಾವ ಸಂಖ್ಯೆಯಲ್ಲಿದೆ ಎಂಬ ಒಂದು ಸಾಲು ಸಿಗುವುದು ವಿರಳ. ಓಲೆಗರಿಗೆ ಒಂದು ನ್ಯಾಯ, ಕ್ಯಾಸೆಟ್ಟಿಗೆ ಇನ್ನೊಂದು ನ್ಯಾಯ ಎಂಬ ಈ ಪಂಕ್ತಿಭೇದಕ್ಕೆ ಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಹೀಗೆಂದೊಡನೆ ಬರುವ ಮೊದಲ ಸಮಾಧಾನ, ‘ಎಲ್ಲವನ್ನೂ ಅಕ್ಷರಕ್ಕಿಳಿಸಿಯಾಗಿದೆಯಲ್ಲ’ ಎಂಬುದು. ಏನನ್ನು ಇಳಿಸಲಾಗಿದೆ ಎಂದು ಸ್ವಲ್ಪ ನಿಂತು ನೋಡಬೇಕು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುತ್ತದೆ. ಗುಂಡಿ ಟಕ್ಕೆಂದು ಮೇಲೇಳುತ್ತದೆ. ಸಂಗ್ರಾಹಕ ಮುಚ್ಚಳ ತೆಗೆದು, ಮಗ್ಗುಲು ತಿರುಗಿಸಿ, ಮತ್ತೆ ಗುಂಡಿ ಒತ್ತುವ ಹೊತ್ತಿಗೆ ಹಾಡುಗಾರ ನಿಲ್ಲುವುದಿಲ್ಲ; ಆವೇಶದಲ್ಲಿರುವವನನ್ನು ‘ಸ್ವಲ್ಪ ತಡೀರಿ’ ಎನ್ನುವ ಧೈರ್ಯವೂ ಎಲ್ಲರಿಗಿರುವುದಿಲ್ಲ. ಆ ನಡುವಿನ ಸಾಲುಗಳು ಸುರುಳಿಯಲ್ಲಿಲ್ಲ. ಓಲೆಗರಿಯಲ್ಲಿ ಇಂಥ ಜಾಗ ಬಂದರೆ ಅದನ್ನು ಗ್ರಂಥಪಾತವೆಂದು ಗುರುತಿಸಿ ಚುಕ್ಕಿ ಹಾಕುತ್ತಾರೆ. ಅಚ್ಚಾದ ಜನಪದ ಕಾವ್ಯದಲ್ಲಿ ಆ ಚುಕ್ಕಿಗಳನ್ನು ಕಂಡವರು ಎಷ್ಟು ಮಂದಿ? 45 ನಿಮಿಷಕ್ಕೊಂದರಂತೆ ಬರಬೇಕಾದ ಕಂದಕಗಳು ಎಲ್ಲಿ ಹೋದವು? ಹಾಡುಗಾರನನ್ನು ಮರುದಿನ ಕೇಳಿ ತುಂಬಿಸಿದ್ದೋ, ಸಂಪಾದಕನೇ ಹೊಸೆದದ್ದೋ, ಎರಡು ತುದಿಗಳನ್ನು ಜೋಡಿಸಿ ಸುಮ್ಮನಾದದ್ದೋ ಎಂಬುದು ಕ್ಯಾಸೆಟ್ಟನ್ನು ಕೇಳದೆ ತಿಳಿಯುವಂತಿಲ್ಲ.

ಇನ್ನೊಂದು ಉದಾಹರಣೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ತೀರ ಹೊಸದೆನಿಸಬಹುದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹರಿಯಬೇಕು. ರಾತ್ರಿ ಕಳೆದಂತೆ ಸೆಲ್ಲುಗಳು ಸೊರಗುತ್ತವೆ, ಯಂತ್ರ ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿತವಾದದ್ದನ್ನು ಮರಳಿ ಸರಿಯಾದ ವೇಗದಲ್ಲಿ ನುಡಿಸಿದಾಗ ಹಾಡು ಓಟಕ್ಕೆ ತೊಡಗುತ್ತದೆ, ದನಿ ಮೇಲೇರಿ ಹುಡುಗನ ದನಿಯಂತಾಗುತ್ತದೆ. ‘ಬೆಳಗಿನ ಜಾವಕ್ಕೆ ಕಥೆ ಮುಗಿಯುತ್ತ ಬಂದಂತೆ ಗತಿ ತೀವ್ರವಾಗುತ್ತದೆ’ ಎಂದು ಪ್ರಬಂಧ ಬರೆಯುವ ಸಂಶೋಧಕ ಹಾಡುಗಾರನ ಗತಿಯನ್ನು ಅಳೆಯುತ್ತಿದ್ದಾನೆಯೋ, ನಾಲ್ಕು ಸೆಲ್ಲುಗಳ ಆಯುಷ್ಯವನ್ನು ಅಳೆಯುತ್ತಿದ್ದಾನೆಯೋ? ಲಿಪಿಕಾರನ ಕೈದೋಷಗಳನ್ನು ಬಲ್ಲವನೇ ಓಲೆಯನ್ನು ಓದಬಲ್ಲ. ಯಂತ್ರದ ದೋಷಗಳನ್ನು ಅರಿಯದವನಿಗೆ ಧ್ವನಿಮೂಲವನ್ನು ಸಂಪಾದಿಸುವ ಅರ್ಹತೆ ಬರುವುದಿಲ್ಲ. ಇದು ಕಠಿಣ ಮಾತಾದರೂ ಆಡಲೇಬೇಕಾದದ್ದು.

ಹಿಮ್ಮೇಳದ ಸೊಲ್ಲುಗಳು, ಗಣೆಯ ಉಸಿರು, ನಡುವೆ ಬರುವ ಕೆಮ್ಮು, ಕೇಳುಗನೊಬ್ಬ ‘ಅದಲ್ಲ ಕಣಣ್ಣ, ಹಿಂಗೆ’ ಎಂದು ತಿದ್ದುವ ಮಾತು, ಇವೆಲ್ಲ ‘ಪಠ್ಯವಲ್ಲ’ವೆಂದು ಬಿಟ್ಟುಹೋಗಿರುವುದನ್ನು ಬೇರೆ ಹೇಳಬೇಕಿಲ್ಲ. ಆ ಕೊನೆಯದು, ಮೌಖಿಕ ಕಾವ್ಯದ ಪಾಠಭೇದವೊಂದು ಕಣ್ಣೆದುರೇ ಹುಟ್ಟುವ ಗಳಿಗೆ.

ಬೇರೆ ರೀತಿ ಸಾಧ್ಯವಿತ್ತು ಎಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷಿಯಿದೆ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳುವಿನ ಸಿರಿ ಕಾವ್ಯವನ್ನು ಲೌರಿ ಹೋಂಕೋ, ಅನ್ನೇಲಿ ಹೋಂಕೋ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ಧ್ವನಿ ಮತ್ತು ದೃಶ್ಯ ಎರಡರಲ್ಲೂ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಕಾವ್ಯವು ಹೇಗೆ ದಾಖಲಾಯಿತು, ಹೇಗೆ ಅಕ್ಷರಕ್ಕಿಳಿಯಿತು ಎಂಬ ಚರ್ಚೆಗೇ ಅಲ್ಲೊಂದು ಸಂಪುಟ ಮೀಸಲು. ಪಠ್ಯದ ಶೀರ್ಷಿಕೆಯಲ್ಲಿಯೇ ಹಾಡುಗಾರರ ಹೆಸರಿದೆ. ವಿದೇಶದ ಹಣವಿತ್ತು, ಯಂತ್ರಗಳಿದ್ದವು ಎಂಬ ಆಕ್ಷೇಪ ನಿಜವೇ. ಆದರೆ ಮುನ್ನುಡಿಯಲ್ಲಿ ಕ್ಯಾಸೆಟ್ಟಿನ ಸಂಖ್ಯೆಯನ್ನು ನಮೂದಿಸಲು ಯಾವ ಪ್ರತಿಷ್ಠಾನದ ಅನುದಾನವೂ ಬೇಕಾಗಿರಲಿಲ್ಲ.

ಎರಡನೆಯ ಸಮಾಧಾನ ಇನ್ನಷ್ಟು ಅಪಾಯಕಾರಿ: ‘ಕ್ಯಾಸೆಟ್ಟುಗಳು ನಮ್ಮಲ್ಲಿ ಭದ್ರವಾಗಿವೆ, ಬೀಗ ಹಾಕಿ ಇಟ್ಟಿದ್ದೇವೆ.’ ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ ಕ್ಯಾಸೆಟ್ಟು ಬದುಕುವುದಿಲ್ಲ, ನಿಧಾನವಾಗಿ ಸಾಯುತ್ತದೆ. ಪ್ಲಾಸ್ಟಿಕ್ಕಿನ ತೆಳು ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟಿನಿಂದ ಹಿಡಿದಿಟ್ಟ ವಸ್ತು ಅದು. ಪಟ್ಟಿಯ ಅಗಲ ನಾಲ್ಕು ಮಿಲಿಮೀಟರಿಗೂ ಕಡಮೆ. ಸಿ-60ಕ್ಕಿಂತ ಸಿ-90ರ ಪಟ್ಟಿ ತೆಳು. ಸಿ-120ರದು ಇನ್ನೂ ತೆಳುವಾಗಿ ಹಿಗ್ಗುವ, ಯಂತ್ರಕ್ಕೆ ಸುತ್ತಿಕೊಳ್ಳುವ ಭಯ ಹೆಚ್ಚು. ಕಾಸು ಉಳಿಸಲು ಉದ್ದದ ಕ್ಯಾಸೆಟ್ಟುಗಳನ್ನೇ ಕೊಂಡ ಬಡ ಸಂಶೋಧಕರ ಸಂಗ್ರಹ ಅದರಿಂದಲೇ ಹೆಚ್ಚು ದುರ್ಬಲ. ತೇವದಲ್ಲಿ ಪಟ್ಟಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಶಾಖಕ್ಕೆ ಕವಚ ಸೊಟ್ಟಗಾಗುತ್ತದೆ. ಸುರುಳಿಯ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ಅಂಟಿ, ಹಾಡು ಶುರುವಾಗುವ ಮುನ್ನವೇ ಅದರ ದೆವ್ವದಂಥ ಮಾರ್ದನಿ ಕೇಳಿಸುತ್ತದೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಉಣ್ಣೆಯ ಮೆತ್ತೆಯ ಅಂಟು ಒಣಗಿ ಅದು ಉದುರಿಬೀಳುತ್ತದೆ. ಆಗ ಯಂತ್ರದಲ್ಲಿ ಹಾಕಿದರೆ ಬರುವುದು ಗುಂಯ್‌ಗುಡುವ ಮಸುಕು ಸದ್ದು. ಅದನ್ನು ಕೇಳಿದ ಗುಮಾಸ್ತ ‘ಹಾಳಾಗಿದೆ’ ಎಂದು ಪಟ್ಟಿಯಲ್ಲಿ ಗುರುತು ಹಾಕುತ್ತಾನೆ. ಸುರುಳಿಯನ್ನು ಬೇರೊಂದು ಒಳ್ಳೆಯ ಕವಚಕ್ಕೆ ವರ್ಗಾಯಿಸಿದರೆ ಅದೇ ದನಿ ಸ್ಪಷ್ಟವಾಗಿ ನುಡಿಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಮೂಲೆಗಳಲ್ಲಿ ತಿರುಪುಗಳಿರುವ ಕವಚವಾದರೆ ಈ ಕೆಲಸ ಅರ್ಧ ಗಂಟೆಯದು. ಅರ್ಧ ಗಂಟೆಯ ಕೆಲಸ ತಿಳಿಯದೆ ಒಂದು ಕಾವ್ಯಕ್ಕೆ ಮರಣಪತ್ರ ಬರೆಯುವುದನ್ನು ಭದ್ರತೆ ಎನ್ನುವುದಾದರೆ ಆ ಪದದ ಅರ್ಥವನ್ನೇ ಬದಲಿಸಬೇಕಾದೀತು.

ಮುಟ್ಟದೆ ಪೂಜಿಸುವುದು ಕಾಪಾಡುವುದಲ್ಲ ಎಂಬ ಪಾಠವನ್ನು ಕನ್ನಡ ನೆಲ ಓಲೆಗರಿಯ ಪ್ರಸಂಗದಲ್ಲಿ ಒಮ್ಮೆ ಕಲಿತಿದೆ. ಧವಲಾದಿ ಸಿದ್ಧಾಂತ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರಿಗೆ ಅವುಗಳ ದರ್ಶನವಾಗುತ್ತಿತ್ತು, ಓದು ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ತೊಡಗಿ, ಆ ಪ್ರತಿಗಳು ಹೊರಬಂದು, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಸಂಪುಟಗಳು ಅಚ್ಚಾದುವು. ಪ್ರತಿಮಾಡುವ ಮಾತು ಬಂದಾಗ ವಿರೋಧವೇನೂ ಕಡಮೆಯಿರಲಿಲ್ಲ. ಓಲೆ ಹಾಗಾದರೂ ಶತಮಾನಗಳನ್ನು ತಡೆದುಕೊಂಡಿತು. ಕ್ಯಾಸೆಟ್ಟಿಗೆ ಅಷ್ಟು ತಾಳ್ಮೆಯಿಲ್ಲ.

ಅದಕ್ಕಿಂತ ಮೊದಲು ಯಂತ್ರವೇ ಮುಗಿದುಹೋಗುತ್ತದೆ. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಕೈಗೊಂಡ ಕಾಂತೀಯ ಟೇಪುಗಳ ಎಚ್ಚರಿಕೆಯ ಯೋಜನೆ 2025ರ ಸುಮಾರನ್ನು ಗಡುವೆಂದು ಸೂಚಿಸಿತ್ತು. ಟೇಪು ಉಳಿದರೂ ಅದನ್ನು ಸರಿಯಾಗಿ ನುಡಿಸುವ ಯಂತ್ರ, ಬಿಡಿಭಾಗ ಮತ್ತು ರಿಪೇರಿ ಬಲ್ಲ ಕೈ ಆ ಹೊತ್ತಿಗೆ ಸಿಗುವುದು ಕಷ್ಟ ಎಂಬುದು ಅದರ ಸಾರ. ಆ ವರ್ಷ ಬಂದೇಬಿಟ್ಟಿದೆ. ಓಲೆಗರಿಯನ್ನು ಓದಲು ಕಣ್ಣು ಸಾಕು, ಕ್ಯಾಸೆಟ್ಟನ್ನು ಓದಲು ಕಾರ್ಖಾನೆಗಳು ತಯಾರಿಸುವುದನ್ನು ಬಹುತೇಕ ಕೈಬಿಟ್ಟಿರುವ ಯಂತ್ರ ಬೇಕು. ಈ ಭೇದವನ್ನು ಅರಿಯದವರೇ ‘ಮುಂದಿನ ಯೋಜನೆಯಲ್ಲಿ ನೋಡೋಣ’ ಎನ್ನುತ್ತಾರೆ.

ಮೂರನೆಯ ಬಗೆಯವರು ಉತ್ಸಾಹಿಗಳು. ಟೇಪ್ ರೆಕಾರ್ಡರಿನ ಎದುರು ಮೊಬೈಲ್ ಇಟ್ಟು, ಫ್ಯಾನಿನ ಸದ್ದಿನ ಸಮೇತ ಮುದ್ರಿಸಿ, ಯೂಟ್ಯೂಬಿಗೆ ಏರಿಸಿ ‘ಡಿಜಿಟಲೀಕರಣ’ ಮುಗಿಯಿತೆಂದು ಕೈತೊಳೆದುಕೊಳ್ಳುತ್ತಾರೆ. ಅವರ ಪ್ರೀತಿಯಲ್ಲಿ ಸಂಶಯವಿಲ್ಲ, ಅವರ ವಿಧಾನ ಮಾತ್ರ ಪ್ರತಿಕಾರನದಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಹಾಕಿದರೆ ಯಂತ್ರಕ್ಕೂ, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ಹರಡುತ್ತದೆ. ಮೊದಲು ಅದನ್ನು ಬೇರ್ಪಡಿಸಿ, ಒಣಗಿಸಿ, ಶುಚಿಗೊಳಿಸಬೇಕು. ಯಂತ್ರದ ಹೆಡ್ಡನ್ನೂ ರಬ್ಬರಿನ ಉರುಳೆಯನ್ನೂ ಪ್ರತಿ ಸುತ್ತಿನ ಮೊದಲು ಒರೆಸಬೇಕು. ಕ್ಷೇತ್ರಕಾರ್ಯದ ಯಂತ್ರಗಳ ಹೆಡ್ಡುಗಳು ಒಂದೊಂದೂ ಒಂದೊಂದು ಬಗೆಯಲ್ಲಿ ತುಸು ಓರೆಯಾಗಿದ್ದವು. ನುಡಿಸುವ ಯಂತ್ರದ ಹೆಡ್ಡಿನ ಕೋನವನ್ನು ಆಯಾ ಕ್ಯಾಸೆಟ್ಟಿಗೆ ಹೊಂದಿಸದಿದ್ದರೆ ಸಕಾರ ಶಕಾರಗಳೂ ತಾಳದ ಕಿಣಿಕಿಣಿಯೂ ಮಂಕಾಗುತ್ತವೆ. ಹಕಾರ ಇತ್ತೇ ಇಲ್ಲವೇ ಎಂಬ ಸೂಕ್ಷ್ಮಪ್ರಶ್ನೆಗೆ ಅಂಥ ಪ್ರತಿ ಉತ್ತರ ಕೊಡಲಾರದು. ಪ್ರತಿಯು 24 ಬಿಟ್ಟಿನ, ಕನಿಷ್ಠ 48 ಕಿಲೋಹರ್ಟ್ಸಿನ ವೇವ್ ಕಡತವಾಗಿರಬೇಕೆಂಬುದು ಸಂಗ್ರಹಾಲಯಗಳ ಒಪ್ಪಿತ ಮಾನದಂಡ. ಎಂಪಿ3 ಹಂಚಲು ಸಾಕು, ಉಳಿಸಲು ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ‘ಗದ್ದಲ ತೆಗೆದು ಚೆಂದ ಮಾಡಿದ’ ಪ್ರತಿಯೊಂದನ್ನೇ ಉಳಿಸಿ ಮೂಲವನ್ನು ಎಸೆಯುವುದು, ‘ಉತ್ರಿ’ಯನ್ನು ‘ಹುತ್ರಿ’ ಮಾಡಿದ ಅದೇ ಹಳೆಯ ತಿದ್ದುಗೈಯ ಹೊಸ ಅವತಾರ.

ಕ್ಯಾಸೆಟ್ಟಿನ ಜೊತೆಗಿರುವ ಕಾಗದದ ಚೀಟಿಯನ್ನು ಬಿಸಾಡುವವರ ಬಗೆಗೂ ಎರಡು ಮಾತು ಅವಶ್ಯ. ಓಲೆಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿ ಬರೆದ ಸಾಲುಗಳು ಎಷ್ಟೋ ಕವಿಗಳ ಕಾಲನಿರ್ಣಯಕ್ಕೆ ನೆರವಾಗಿವೆ. ಆ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದ ‘ಸಂತೆ ದಿನ, ಅಕ್ಕನ ಮನೆ, 2ನೇದು’ ಎಂಬಂಥ ಬರಹವೇ ಈ ಪರಂಪರೆಯ ಪುಷ್ಪಿಕೆ. ಚೀಟಿ ಮಸುಕಾಗುವ ಮುನ್ನ ಅದರ ಚಿತ್ರ ತೆಗೆದು ಧ್ವನಿಕಡತದ ಜೊತೆಗಿಡಲು ಹೆಚ್ಚೆಂದರೆ ಒಂದು ನಿಮಿಷ ಬೇಕು. ಬರೆದಿಟ್ಟವರು ಬದುಕಿರುವಾಗಲೇ ‘ಯಾವ ಅಕ್ಕ?’ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಕ್ಕೂ ಮನ್ನಣೆ ಸಲ್ಲಬೇಕು. ಎಲ್ಲ ಕ್ಯಾಸೆಟ್ಟುಗಳೂ ಎಲ್ಲರ ಕಿವಿಗೆ ಬೀಳಬೇಕಾದುವಲ್ಲ. ಕೆಲವು ಹಾಡುಗಳು ಆಚರಣೆಯ ಹೊತ್ತಿಗೆ ಮೀಸಲು. ಕೆಲವನ್ನು ಹಾಡುವಾಗ ‘ಇದು ಪುಸ್ತಕಕ್ಕೆ’ ಎಂದಷ್ಟೇ ಹಾಡುಗಾರರು ಒಪ್ಪಿದ್ದರು, ಜಗತ್ತಿನೆದುರು ತಮ್ಮ ದನಿ ಮೊಳಗುವುದಕ್ಕೆ ಒಪ್ಪಿರಲಿಲ್ಲ. ಆದರೆ ಪ್ರತಿಮಾಡಿ ಇಡುವುದು ಬೇರೆ, ಬಯಲಿಗಿಡುವುದು ಬೇರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಲ್ಲಿ ಸ್ಥಾಪಿಸಿದ, ಇಂದು ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹಾಲಯದಲ್ಲಿ ಧ್ವನಿಮುದ್ರಿಕೆ ಒಪ್ಪಿಸುವವರು ಯಾರು ಕೇಳಬಹುದು, ಯಾರು ನಕಲು ಪಡೆಯಬಹುದು ಎಂಬ ಕರಾರಿನೊಡನೆಯೇ ಒಪ್ಪಿಸುತ್ತಾರೆ. ಅಂಥ ಕರಾರುಪತ್ರವೊಂದು ಕನ್ನಡದಲ್ಲಿ ಸಿದ್ಧವಾಗಲು ಎರಡು ಪುಟ ಸಾಕು. ಹಾಡುಗಾರರ ಮಕ್ಕಳು ಮೊಮ್ಮಕ್ಕಳು ಬಂದು ‘ನಮ್ಮಜ್ಜಿಯ ದನಿ ಕೇಳಿಸಿ’ ಎಂದರೆ ಕೇಳಿಸಬೇಕೆಂಬುದು ಅದರ ಮೊದಲ ಕಲಮಾಗಿರಲಿ. ಈಗಿನ ಸ್ಥಿತಿಯಲ್ಲಿ ಅವರಿಗೆ ಸಿಗುವುದು ಸಂಪಾದಕರ ಹೆಸರು ದೊಡ್ಡದಾಗಿ ಅಚ್ಚಾದ ಪುಸ್ತಕ.

ವಿಶ್ವವಿದ್ಯಾನಿಲಯಗಳಿಗೆ ಈ ಹೊಣೆಯಿಂದ ಜಾರಿಕೊಳ್ಳಲು ದಾರಿಯಿಲ್ಲ. ಜಾನಪದದಲ್ಲಿ ಪಿಎಚ್.ಡಿ. ಪಡೆದವರ ದಪ್ಪ ರಟ್ಟಿನ ಪ್ರಬಂಧ ಗ್ರಂಥಾಲಯ ಸೇರುತ್ತದೆ, ಅದರ ಆಧಾರವಾದ ಕ್ಯಾಸೆಟ್ಟುಗಳ ಪೆಟ್ಟಿಗೆ ಸಂಶೋಧಕರ ಮನೆಯ ಅಟ್ಟ ಸೇರುತ್ತದೆ. ನಿವೃತ್ತಿಯಾಗಿ ಮನೆ ಬದಲಿಸುವಾಗ ಅಟ್ಟ ಖಾಲಿಯಾಗುತ್ತದೆ. ಕೆಲವರು ಬರೆದುಕೊಂಡಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಊರಿನ ಹಾಡನ್ನು ತುಂಬಿಸಿದ್ದೂ ಉಂಟು. ಹಣದ ಅಡಚಣೆಯಿಂದ ಆದ ಆ ತಪ್ಪಿಗೆ ವ್ಯಕ್ತಿಗಳನ್ನು ದೂಷಿಸುವುದು ಕ್ರೂರವಾದೀತು. ಕವಚದ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ಮತ್ತೆ ಮುದ್ರಿಸಲಾಗದು ಎಂಬುದನ್ನು ಕ್ಷೇತ್ರಕಾರ್ಯದ ಪಾಠದಲ್ಲಿ ಹೇಳಿಕೊಡದ ವಿಭಾಗಗಳನ್ನು ದೂಷಿಸಬಹುದು. ಇನ್ನಾದರೂ ಧ್ವನಿಮೂಲವನ್ನು ಒಪ್ಪಿಸದ ಪ್ರಬಂಧವನ್ನು ಪರೀಕ್ಷೆಗೆ ಎತ್ತಿಕೊಳ್ಳಕೂಡದು. ಈಗಾಗಲೇ ಪದವಿ ಪಡೆದವರ ಮನೆಬಾಗಿಲಿಗೆ ವಿಭಾಗವೇ ಹೋಗಬೇಕು. ಅಚ್ಚಾದ ಜನಪದ ಕಾವ್ಯಗಳ ಮರುಮುದ್ರಣಕ್ಕೆ ಅನುದಾನ ಕೊಡುವ ಅಕಾಡೆಮಿಗಳು, ಇಲಾಖೆಗಳು ‘ಧ್ವನಿಮೂಲ ಎಲ್ಲಿದೆ’ ಎಂಬ ಒಂದು ಅಂಕಣವನ್ನು ಅರ್ಜಿಯಲ್ಲಿ ಸೇರಿಸಿದರೆ ಸಾಕು, ಎಷ್ಟೋ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿದಾವು.

ಬಿ.ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳು 1904ರಲ್ಲಿಯೇ ಅಚ್ಚಾದುವು. ಕಲ್ಲಿನ ಪ್ರತಿಯೊಂದು ಅಕ್ಷರಕ್ಕೂ ತಾಲ್ಲೂಕು, ಗ್ರಾಮ, ಸಂಖ್ಯೆ ಇದೆ. ಸಂದೇಹವಿದ್ದವರು ಇಂದಿಗೂ ಹೋಗಿ ಆ ಕಲ್ಲನ್ನೇ ನೋಡಿ ಬರಬಹುದು. ಹುತ್ರಿದುರ್ಗದ ಬುಡದ ಸಂತೆಪೇಟೆಯಿಂದ ಹಿಡಿದು ಕುಣಿಗಲ್ ಕೆರೆಯ ಹಿಂದಿನ ಹಳ್ಳಿಗಳವರೆಗೆ ಯಾರು, ಯಾವಾಗ, ಯಾರಿಂದ ಹಾಡಿಸಿ ಮುದ್ರಿಸಿಕೊಂಡರು, ಆ ಸುರುಳಿಗಳು ಈಗ ಯಾರ ಬಳಿ ಇವೆ ಎಂಬ ಪಟ್ಟಿಯೊಂದನ್ನು ತಾಲ್ಲೂಕುವಾರು ಮಾಡುವುದು ಎರಡು ಬೇಸಗೆ ರಜೆಗಳ ಕೆಲಸ. ತುಮಕೂರಿನಲ್ಲಿಯೇ ವಿಶ್ವವಿದ್ಯಾನಿಲಯವಿದೆ, ಕನ್ನಡ ಎಂ.ಎ. ವಿದ್ಯಾರ್ಥಿಗಳಿದ್ದಾರೆ. ಪಟ್ಟಿಯ ಜೊತೆಗೆ ಬೇಕಾಗುವುದು ಸರಿಯಾಗಿ ನಡೆಯುವ ಎರಡು ಡೆಕ್ಕುಗಳು. ಅವು ಸಿಗುವುದು ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಸಡಿಲಗೊಂಡ ಬೆಲ್ಟುಗಳೊಡನೆ. ಬೆಲ್ಟು ಬದಲಿಸಿ ಹೆಡ್ಡು ಹೊಂದಿಸಿಕೊಡಬಲ್ಲ ರಿಪೇರಿಯವರು ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಹುಡುಕಿದರೆ ಇನ್ನೂ ಸಿಗಬಹುದು. ಅವರಿಗೂ ವಯಸ್ಸಾಗಿದೆ.